ಹಡಗು ಹಿಡಿದು ಕೂರುವ ಪಾಳಿ

ವಾಸ್ಕೋದ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಹಡಗುಗಳ ಕಾಗದಪತ್ರ ಬರೆದ ನಾನು ಒಂದು ದಿನವೂ ಹಡಗಿನಲ್ಲಿ ಮಲಗಿ ಎದ್ದವನಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಧಾರವಾಡದ ನೆಂಟರಂತೂ ನಾನು ಇಷ್ಟು ವರ್ಷ ಅಲೆಗಳ ಮೇಲೆಯೇ ಸಂಸಾರ ಮಾಡಿದ್ದೇನೆ ಎಂದುಕೊಂಡಿದ್ದಾರೆ. ಮದುವೆಗಳಲ್ಲಿ ಸಿಕ್ಕರೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತಿಮಿಂಗಿಲದ ವಿಷಯ ಕೇಳುತ್ತಾರೆ. ನಾನು ಕಂಡದ್ದು ಅದಿರು ತುಂಬಿಕೊಳ್ಳುವ ಹಡಗುಗಳನ್ನು ಮಾತ್ರ, ಅವನ್ನೂ ಕಚೇರಿಯ ಕಿಟಕಿಯಿಂದ.

ಹಾಗಾಗಿ ನಿವೃತ್ತಿಯಾದ ವರ್ಷ ಹಟಕ್ಕೆ ಬಿದ್ದು ಅಟ್ಲಾಂಟಿಕ್ ದ್ವೀಪಗಳ ಹಡಗು ಪ್ರವಾಸಕ್ಕೆ ಹೆಸರು ಹಚ್ಚಿದೆ. ನಾನು, ನನ್ನ ಹೆಂಡತಿ ಮತ್ತು ನಮ್ಮ ಅಕ್ಕ, ಹೀಗೆ ಮೂವರು. ಲಿಸ್ಬನ್ನಿನಲ್ಲಿ ಹಡಗು ಹತ್ತುವುದು, ಮಡೈರಾ, ಟೆನೆರಿಫೆ, ಲ್ಯಾಂಜರೋಟೆ ಎಂಬ ಮೂರು ದ್ವೀಪಗಳಲ್ಲಿ ಒಂದೊಂದು ದಿನ ಇಳಿಯುವುದು, ತಿರುಗಿ ಲಿಸ್ಬನ್. ಒಂದೊಂದು ಬಂದರಿನಲ್ಲಿ ಹಡಗು ನಿಲ್ಲುವುದು ಎಂಟೇ ತಾಸು. ಆ ಎಂಟು ತಾಸಿನಲ್ಲಿ ಏನು ಮಾಡಬೇಕು ಎಂದು ಮಡಗಾಂವದ ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ನಾವು ಐದು ತಿಂಗಳು ಜಗಳಾಡಿದೆವು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಧಾರವಾಡದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿ, ಮೊಣಕಾಲು ನೋವು ಶುರುವಾದ ಮೇಲೆ ನಮ್ಮ ಮನೆಗೆ ಬಂದು ಇದ್ದಾಳೆ. ಬಂದ ದಿನವೇ ನಡುಮನೆಯ ಗೋಡೆಗೆ ಜಗತ್ತಿನ ನಕಾಶೆ ಹೊಡೆದಳು. ಅದಕ್ಕಾಗಿ ನಮ್ಮ ಮದುವೆಯ ಫೋಟೋವನ್ನು ಗೋಡೆಯಿಂದ ಇಳಿಸಬೇಕಾಯಿತು. ಫೋಟೋ ಇನ್ನೂ ಅಲ್ಮೇರಾದ ಮೇಲಿದೆ, ಮೊಳೆ ಸಿಕ್ಕಿಲ್ಲ.

ಯೋಜನೆಗೆ ಕೂತ ಮೊದಲ ರವಿವಾರವೇ ಅಕ್ಕ ತನಗೆ ಒಂದೇ ಒಂದು ಆಸೆ ಇದೆ ಎಂದಳು. ಜ್ವಾಲಾಮುಖಿ ನೋಡಬೇಕು. ಆಮೇಲೆ ಚಹಾದ ಬಸಿಯನ್ನು ಸುತ್ತ ತಿರುಗಿಸುತ್ತ ನಮಗೆ ಗೊತ್ತೇ ಇರದ ಒಂದು ಸಂಗತಿ ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೆಂಪು ಖಡುವಿನಿಂದ ಬೋರ್ಡಿನ ಮೇಲೆ ಜ್ವಾಲಾಮುಖಿ ಬರೆದು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, ನೀವು ಇದನ್ನು ನೋಡಿದ್ದೀರಾ ಎಂದು ಕೇಳಿದಳಂತೆ. ಅಕ್ಕನಿಗೆ ಏನನ್ನಿಸಿತೋ, ನೋಡೇನಿ ಅಂದುಬಿಟ್ಟಳು.

ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷದ ಮಕ್ಕಳಿಗೆ ಹಿಂದಿನ ವರ್ಷದ ಮಕ್ಕಳು ಹೇಳಿದ್ದರು, ಅವರು ಪಾಠಕ್ಕಿಂತ ಮೊದಲೇ ಜ್ವಾಲಾಮುಖಿಯ ಕಥೆ ಬೇಕೆಂದು ಗಂಟುಬಿದ್ದರು. ಪ್ರತಿ ವರ್ಷ ಆ ಕಥೆ ಅಷ್ಟಷ್ಟು ಬೆಳೆಯಿತು. ಹತ್ತನೆಯ ವರ್ಷದ ಹೊತ್ತಿಗೆ ಲಾವಾರಸ ಬೆಲ್ಲದ ಪಾಕದ ಹಾಗೆ ಹರಿಯುತ್ತಿತ್ತು, ಅಕ್ಕ ಛತ್ರಿ ಹಿಡಿದು ನಿಂತಿದ್ದಳು, ಕಿಡಿ ಸಿಡಿದು ಛತ್ರಿಗೆ ತೂತು ಬಿದ್ದಿತ್ತು. ಸಾಕ್ಷಿಗೆಂದು ತೂತು ಬಿದ್ದ ಒಂದು ಛತ್ರಿಯನ್ನು ವರ್ಷಕ್ಕೊಮ್ಮೆ ಶಾಲೆಗೆ ಒಯ್ದು ಬಿಚ್ಚಿ ತೋರಿಸುತ್ತಿದ್ದಳಂತೆ. ಸುಳ್ಳು ಹೇಳಿದರೆ ನನ್ನ ಕಿವಿ ಹಿಂಡುತ್ತಿದ್ದ ನಮ್ಮ ಅಕ್ಕ!

"ಮೂವತ್ನಾಲ್ಕು ವರ್ಷ ಸುಳ್ಳ ಹೇಳೇನಿ ತಮ್ಮಾ," ಎಂದಳು. "ಒಮ್ಮೆರೆ ಅದನ್ನ ಖರೇ ಮಾಡಬೇಕು."

ನನಗೆ ನಗು ಬಂದಿತ್ತು, ಆದರೆ ಅವಳ ಮುಖ ನೋಡಿ ನಗಲಿಲ್ಲ. ಆ ದಿನವೇ ತೀರ್ಮಾನವಾಯಿತು. ಟೆನೆರಿಫೆಯ ದೊಡ್ಡ ಪರ್ವತ ಬಹಳ ಎತ್ತರ, ಅಕ್ಕನ ರಕ್ತದೊತ್ತಡಕ್ಕೆ ಡಾಕ್ಟರರು ಬೇಡವೆಂದರು. ಉಳಿದದ್ದು ಲ್ಯಾಂಜರೋಟೆ. ಅಲ್ಲಿ ಬೆಂಕಿ ಗುಡ್ಡಗಳ ನಡುವೆ ಬಸ್ಸೇ ಹೋಗುತ್ತದೆ, ಮೊಣಕಾಲಿಗೂ ತ್ರಾಸಿಲ್ಲ. ಅಕ್ಕ ನಕಾಶೆಯಲ್ಲಿ ಸಾಸಿವೆ ಕಾಳಿನಷ್ಟಿದ್ದ ಆ ದ್ವೀಪಕ್ಕೆ ಕುಂಕುಮ ಹಚ್ಚಿದಳು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕೆಡಿಸಿದ್ದು ನಮ್ಮ ಕೆಳಗಿನ ಮನೆಯ ಕ್ರಿಶ್ಚನ್ ಅಜ್ಜಿ ಮತ್ತು ನನ್ನ ಹೆಂಡತಿ. ಅಜ್ಜಿ ಒಂದು ದಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಮಡೈರಾ ಪೋರ್ತುಗೀಜರ ಊರು, ಅಂದಮೇಲೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಲ್ಲ ಬಂದ್, ಜನ ಮಲಗಿರುತ್ತಾರೆ ಎಂದರು. ಅವರು ಕಾರವಾರಕ್ಕಿಂತ ಆಚೆ ಹೋದವರಲ್ಲ. ಆದರೂ ನಮಗೆ ಅನುಮಾನ ಬರಲಿಲ್ಲ, ಮಡಗಾಂವದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದು ಸೂಜಿ ಬೇಕೆಂದರೂ ಸಿಗದು. ಹಾಗಾಗಿ ಎಂಟು ತಾಸಿನಲ್ಲಿ ಮೂರು ತಾಸನ್ನು ನಿದ್ದೆಗೆ ಬರೆದೆವು. ಹೊರಡುವ ಒಂದು ತಾಸು ಮೊದಲೇ ಹಡಗಿನ ಹತ್ತಿರ ಇರಬೇಕೆಂದು ಹೆಂಡತಿ ಒಂದು ತಾಸು ತೆಗೆದಿಟ್ಟಳು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ತಿಂದು ಕೈತೊಳೆಯಲು ಮತ್ತೊಂದು. ಉಳಿದ ಮೂರು ತಾಸಿನಲ್ಲಿ ದ್ವೀಪ ನೋಡಬೇಕು.

ಹೆಂಡತಿ ವಿಮಾ ಕಚೇರಿಯಲ್ಲಿ ಇದ್ದವಳು, ಯಾವುದೇ ಕಾಗದ ಕೊಟ್ಟರೂ ಕೊನೆಯ ಪುಟದ ಸಣ್ಣ ಅಕ್ಷರಗಳಿಂದ ಓದಲು ಶುರು ಮಾಡುತ್ತಾಳೆ. ಹಾಗೆ ಓದುವಾಗಲೇ ಸಿಕ್ಕಿದ್ದು ಆ ಸಾಲು: ಹೇಳಿದ ಹೊತ್ತಿಗೆ ಬಾರದವರನ್ನು ಬಿಟ್ಟು ಹಡಗು ಹೊರಡುತ್ತದೆ. ಅವಳ ಕೈಯಲ್ಲಿದ್ದ ಮೆಂತ್ಯದ ಸೊಪ್ಪು ಕೈಯಲ್ಲೇ ಉಳಿಯಿತು. ಅಪರಿಚಿತ ದ್ವೀಪ, ಭಾಷೆ ಬಾರದು, ಅನ್ನ ಸಾರು ಸಿಗದು, ಹಡಗು ಹೋಗಿಬಿಟ್ಟಿದೆ. ಎರಡು ದಿನ ಇದನ್ನೇ ಹೇಳಿಕೊಂಡು ಓಡಾಡಿದಳು. ಮೂರನೆಯ ದಿನ ಪರಿಹಾರ ಅವಳಿಗೇ ಹೊಳೆಯಿತು. ಒಬ್ಬರು ಹಡಗಿನಲ್ಲೇ ಕೂರುವುದು.

ಉತ್ತರ ಕರ್ನಾಟಕದ ಬಸ್ಸುಗಳಲ್ಲಿ ತಿರುಗಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಿಂದ ಗೋವಾಕ್ಕೆ ಬರುವ ಬಸ್ಸು ಗಡಿಯ ಹತ್ತಿರದ ರಾಮನಗರದಲ್ಲಿ ಚಹಾಕ್ಕೆ ನಿಂತಾಗ ಇಡೀ ಕುಟುಂಬ ಎಂದೂ ಇಳಿಯುವುದಿಲ್ಲ. ಅಪ್ಪ ಇಳಿದರೆ ಅವ್ವ ಬಸ್ಸು ಹಿಡಿದು ಕೂರುತ್ತಾಳೆ. ಕಂಡಕ್ಟರ್ ಸೀಟಿ ಊದಿದ ಕೂಡಲೇ, ನಮ್ಮವರು ಬರಾಕತ್ತಾರ್ರಿ ಎಂದು ಕೂಗುವುದು ಅವಳ ಕೆಲಸ. ನಮ್ಮ ಅವ್ವ ಒಮ್ಮೆ ಅಪ್ಪನಿಗಾಗಿ ಇಪ್ಪತ್ತು ನಿಮಿಷ ಬಸ್ಸು ಹಿಡಿದವಳು. ಅಪ್ಪ ಬಂದದ್ದು ಇನ್ನೊಂದು ಪ್ಲೇಟು ಮಿರ್ಚಿ ತಿಂದು, ನಿಧಾನವಾಗಿ, ಬಾಯಿ ಒರೆಸಿಕೊಳ್ಳುತ್ತ.

ಹಡಗಿನ ವ್ಯವಹಾರ ಬಲ್ಲವನು ನಾನೊಬ್ಬನೇ, ನಾನಾದರೂ ಇದು ಮರುಳಾಟ ಎನ್ನಬೇಕಾಗಿತ್ತು. ಬದಲಿಗೆ ಭೇಷ್ ಎಂದೆ. ಹಡಗುಗಳು ಕಾಗದಕ್ಕಾಗಿ ದಿನಗಟ್ಟಲೆ ಕಾದದ್ದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ, ಮನುಷ್ಯರಿಗಾಗಿ ಒಂದರ್ಧ ತಾಸು ಕಾಯಲಾರವೇ ಎಂಬುದು ನನ್ನ ತರ್ಕ. ಮೂರು ಬಂದರು, ಮೂರು ಜನ. ಕಚೇರಿಯ ಚಾಳಿಯಂತೆ ಗೆರೆ ಎಳೆದು ಪಾಳಿಯ ಪಟ್ಟಿ ಮಾಡಿದೆ. ಯಾರಿಗೆ ಯಾವ ಬಂದರು ಎಂಬುದಕ್ಕೆ ಖಾಲಿ ಸಕ್ಕರೆ ಡಬ್ಬಿಯಲ್ಲಿ ಚೀಟಿ ಹಾಕಿದೆವು.

ಮಡೈರಾದಲ್ಲಿ ಹಡಗು ಹಿಡಿಯುವ ಪಾಳಿ ಹೆಂಡತಿಗೆ ಬಂತು. ಟೆನೆರಿಫೆ ನನಗೆ. ಅಕ್ಕ ತನ್ನ ಚೀಟಿ ಬಿಚ್ಚಿ ನೋಡಿ, ಮೊದಲಿನ ಹಾಗೆಯೇ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. ಲ್ಯಾಂಜರೋಟೆ.

ನಾನು ತಕ್ಷಣ ಅದಲುಬದಲು ಮಾಡೋಣ ಎಂದೆ. ಹೆಂಡತಿ ಚೀಟಿಗಳನ್ನು ಮತ್ತೆ ಡಬ್ಬಿಗೆ ಹಾಕಲು ಹೋದಳು. ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. ಚೀಟಿ ಎಂದರೆ ಚೀಟಿ, ಬಂದದ್ದನ್ನು ತಿದ್ದುವುದೆಂದರೆ ಪರೀಕ್ಷೆಯಲ್ಲಿ ನಕಲು ಹೊಡೆದ ಹಾಗೆ ಎಂದಳು. ನಾವು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ನೀವಿಬ್ಬರೂ ನೋಡಿಕೊಂಡು ಬನ್ನಿ, ನನಗೆ ಹೇಳಿರಿ ಸಾಕು ಎಂದು ನಕಾಶೆಯ ಮೇಲಿನ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಪ್ರವಾಸದಲ್ಲಿ ಅವಳು ಕೇಳಿದ್ದು ಅದೊಂದನ್ನೇ, ಅದನ್ನೂ ಹೀಗೆ ಬಿಟ್ಟುಕೊಡುತ್ತಾಳೆಂದರೆ ಏನರ್ಥ? ಅವಳೊಡನೆ ಎರಡು ದಿನ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಹೊರಡಲು ಮೂರು ವಾರ ಇರುವಾಗ ಹೆಂಡತಿ ತಾಲೀಮು ಆಗಲೇಬೇಕೆಂದಳು. ಓಲ್ಡ್ ಗೋವಾದಿಂದ ದಿವಾರ್ ದ್ವೀಪಕ್ಕೆ ಮಾಂಡವಿ ನದಿಯಲ್ಲಿ ಫೆರಿ ಹೋಗುತ್ತದಲ್ಲ, ಆ ಫೆರಿಯೇ ನಮ್ಮ ಹಡಗು, ದಿವಾರ್ ಲ್ಯಾಂಜರೋಟೆ. ನಾನು ಮತ್ತು ಹೆಂಡತಿ ದ್ವೀಪ ನೋಡಿ ಹೇಳಿದ ಹೊತ್ತಿಗೆ ಮರಳಬೇಕು, ಅಷ್ಟರಲ್ಲಿ ಅಕ್ಕ ಫೆರಿ ಹಿಡಿದಿಟ್ಟುಕೊಳ್ಳಬೇಕು. ರವಿವಾರ ಬೆಳಿಗ್ಗೆ ಕಾರನ್ನು ಓಲ್ಡ್ ಗೋವಾದ ದಡದಲ್ಲಿ ಬಿಟ್ಟು ಫೆರಿ ಹತ್ತಿದೆವು. ದಿವಾರದಲ್ಲಿ ನಾವಿಬ್ಬರೂ ಇಳಿದೆವು. ಅಕ್ಕ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತಳು.

ನಾವು ಹತ್ತು ಹೆಜ್ಜೆ ನಡೆದಿರಲಿಲ್ಲ, ಹಿಂದೆ ಭೋಂಕ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಫೆರಿ ನಮ್ಮ ಅಕ್ಕನ ಸಮೇತ ದಡ ಬಿಟ್ಟಿತ್ತು. ಅಕ್ಕ ಎದ್ದು ನಿಂತು ಫೆರಿಯವನಿಗೆ ಏನೋ ಹೇಳುತ್ತಿದ್ದಳು. ನಮ್ಮವರು ಬರಾಕತ್ತಾರ್ರಿ ಎಂದೇ ಇರಬೇಕು. ಅವನು ವಿನಯದಿಂದ ತಲೆ ಆಡಿಸಿದ್ದು ನಮಗೆ ದಡದಿಂದಲೇ ಕಂಡಿತು. ಆಡಿಸುತ್ತಲೇ ಆಚೆ ದಡಕ್ಕೆ ಒಯ್ದ.

ದ್ವೀಪ ನೋಡುವ ಉತ್ಸಾಹ ಅಲ್ಲಿಗೆ ಇಳಿಯಿತು. ದಡದಲ್ಲೇ ನಿಂತೆವು. ಸ್ವಲ್ಪ ಹೊತ್ತಿಗೆ ಫೆರಿ ತಿರುಗಿ ಬಂತು. ಇಳಿದು ಬಾ ಎಂದು ನಾನು ಕೈ ಬೀಸಿದೆ. ಅಕ್ಕ, ಇನ್ನೂ ಸಮಯವಾಗಿಲ್ಲ ಎಂದು ಕೈಗಡಿಯಾರ ತೋರಿಸಿದಳು. ಪಾಳಿ ಎಂದರೆ ಪಾಳಿ. ಫೆರಿ ಮತ್ತೆ ಅವಳನ್ನು ಒಯ್ದಿತು. ಹೀಗೆ ಮೂರು ಸಲವಾಯಿತು. ಬರುವಾಗೊಮ್ಮೆ ಹೋಗುವಾಗೊಮ್ಮೆ ನಮ್ಮ ಕಡೆ ನೋಡುತ್ತಿದ್ದಳು, ಪರೀಕ್ಷೆಯ ಹಾಲಿನಲ್ಲಿ ನೋಡುತ್ತಿದ್ದ ಹಾಗೆ. ಒಬ್ಬರು ಒಳಗೆ ಕೂತರೆ ಹಡಗು ನಿಲ್ಲುವುದಿಲ್ಲ, ಕೂತವರನ್ನೂ ಕರೆದುಕೊಂಡು ಹೋಗುತ್ತದೆ. ಐದು ತಿಂಗಳ ಯೋಜನೆಯಲ್ಲಿ ನಮ್ಮ ಮೂರು ತಲೆಗಳಲ್ಲಿ ಒಂದಕ್ಕೂ ಇದು ಹೊಳೆದಿರಲಿಲ್ಲ. ಹೆಂಡತಿ ದಡದ ಕಲ್ಲಿನ ಮೇಲೆ ಕೂತು, ನೀವು ಶಿಪ್ಪಿಂಗಿನವರು ಅಂತ ನಂಬಿದ್ದೆ ಎಂದಳು.

ನಾಲ್ಕನೆಯ ಸಲ ಬಂದಾಗ ನಾವೇ ಫೆರಿ ಹತ್ತಿದೆವು. ಅಕ್ಕ ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ನಿಂತಿದ್ದ, ಕೈಯಲ್ಲಿ ಟೈಲ್ಸ್ ಕೊಯ್ಯುವ ಯಂತ್ರದ ಚೀಲ. ಅಕ್ಕನ ಶಾಲೆಯಲ್ಲಿ ಓದಿದವನು, ಈಗ ಮಡಗಾಂವದ ಮೋತಿ ಡೊಂಗರ ಎಂಬ ಗುಡ್ಡದ ಮೇಲೆ ಮನೆ ಮಾಡಿಕೊಂಡು ಟೈಲ್ಸ್ ಹಾಕುವ ಕೆಲಸ ಮಾಡುತ್ತಾನೆ. ದಿವಾರದ ಒಂದು ಮನೆಯ ಕೆಲಸಕ್ಕೆ ಹೊರಟವನು ಫೆರಿಯಲ್ಲಿ ಅಕ್ಕನನ್ನು ಕಂಡು ಗುರುತು ಹಿಡಿದಿದ್ದ. ಇಳಿಯಬೇಕಾದಲ್ಲಿ ಅವಳು ಇಳಿಯದೆ ಕೂತದ್ದು ನೋಡಿ, ತನಗೆ ಪಾಠ ಕಲಿಸಿದ ಬಾಯಾರನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗುವುದು ಎಂದು ತಾನೂ ಅವಳ ಜೊತೆ ಅತ್ತಿಂದಿತ್ತ ಸವಾರಿ ಮಾಡುತ್ತಿದ್ದ. ಅಕ್ಕ ಅಷ್ಟರಲ್ಲಿ ಅವನಿಗೆ ಪ್ರವಾಸದ ವಿಷಯ ಎಲ್ಲ ಹೇಳಿದ್ದಳು.

ಅವನು ನಮಗೆ ನಮಸ್ಕಾರ ಮಾಡಿದ. ಫೆರಿಯಲ್ಲಿದ್ದ ಬೈಕಿನವರ ಕಡೆ ತಿರುಗಿ, ಇವರು ನಮ್ಮ ಬಾಯಾರು, ಬೆಂಕಿ ಗುಡ್ಡವನ್ನು ಕಣ್ಣಾರೆ ನೋಡಿ ಬಂದವರು ಎಂದು ಪರಿಚಯಿಸಿದ. ಹೆಲ್ಮೆಟ್ ಹಾಕಿಕೊಂಡ ನಾಲ್ಕು ಜನ ಅಕ್ಕನನ್ನು ಭಕ್ತಿಯಿಂದ ನೋಡಿದರು. ಅಕ್ಕನ ಮುಖ ಸಣ್ಣದಾಯಿತು. ನಾನು ಮಾತು ಬದಲಿಸಲು ನೀರಿನ ಕಡೆ ಕೈ ತೋರಿಸಿ ಏನೋ ಶುರು ಮಾಡಿದೆ. ಅಕ್ಕ ನನ್ನ ಕೈ ಹಿಡಿದು ಇಳಿಸಿದಳು.

"ನಾ ನೋಡಿಲ್ಲಪಾ," ಎಂದಳು. "ನಿಮಗ ಸುಳ್ಳ ಹೇಳಿದ್ದೆ."

"ಗೊತ್ತಿತ್ರಿ ಬಾಯಾರ," ಎಂದ ಅವನು. "ಆ ಛತ್ರಿ ಇಲಿ ಕಡದದ್ದು. ನಮ್ಮ ಮನ್ಯಾಗೂ ಅಂಥಾದ್ದ ಇತ್ತು."

ಅಕ್ಕ ಬಾಯಿ ತೆರೆದು ಅವನನ್ನೇ ನೋಡಿದಳು. ಇಡೀ ತರಗತಿಗೆ ಗೊತ್ತಿತ್ತಂತೆ. ಖರೇ ನೋಡಿದ್ದರೆ ಯಾವ ಬಸ್ಸು ಹತ್ತಿದೆ, ಎಲ್ಲಿ ಇಳಿದೆ, ಎಲ್ಲಿ ಊಟ ಮಾಡಿದೆ ಎಂದು ಹೇಳಬೇಕಲ್ಲ, ಬಾಯಾರು ಅದನ್ನು ಒಂದು ಸಲವೂ ಹೇಳಲಿಲ್ಲ ಎಂದು ಹುಡುಗರೇ ಮಾತಾಡಿಕೊಂಡಿದ್ದರಂತೆ. ಆದರೆ ಬಾಯಾರಿಗೆ ಅದನ್ನು ಹೇಳುವವರು ಯಾರು? ತನ್ನ ಮಗಳಿಗೆ ಈ ವರ್ಷ ಅದೇ ಪಾಠ ಇದೆ ಎಂದ ಅವನು. ನೋಡಿ ಬಂದ ಮೇಲೆ ಒಮ್ಮೆ ಮನೆಗೆ ಬಂದು, ಖರೇ ಹೇಗಿರುತ್ತದೆ ಎಂದು ಅವಳಿಗೆ ಹೇಳಬೇಕು ಎಂದು ಕೇಳಿಕೊಂಡ. ಅಕ್ಕ ಹೂಂ ಎಂದಳು. ಅವನನ್ನು ದಿವಾರಕ್ಕೆ ಮುಟ್ಟಿಸಲು ಫೆರಿ ಇನ್ನೊಮ್ಮೆ ಹೋಗಬೇಕಾಯಿತು, ನಾವು ಓಲ್ಡ್ ಗೋವಾದಲ್ಲಿ ಇಳಿದೆವು.

ಕಾರಿನಲ್ಲಿ ಕೂತ ಮೇಲೆ ಅಕ್ಕ ತಾನಾಗಿಯೇ ಬಾಯಿ ಬಿಟ್ಟಳು. ಚೀಟಿಯಲ್ಲಿ ಲ್ಯಾಂಜರೋಟೆ ಬಂದಾಗ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತಂತೆ. ಹೋಗಿ ನೋಡಿದ ಮೇಲೆ ಮೂವತ್ತನಾಲ್ಕು ವರ್ಷ ಕಲಿಸಿದ್ದೆಲ್ಲ ತಪ್ಪು ಎಂದಾದರೆ ಏನು ಮಾಡುವುದು ಎಂದು ಹೆದರಿದ್ದಳು. ಅಕ್ಕ ಹೆದರುತ್ತಾಳೆಂಬುದೇ ನನಗೆ ಹೊಸ ಸುದ್ದಿ. ಎರಡು ದಿನ ಮಾತು ಬಿಟ್ಟದ್ದಕ್ಕೆ ನಾಚಿಕೆಯಾಯಿತು, ಅದನ್ನು ಅವಳಿಗೆ ಹೇಳಿದೆ. ಯಾವ ಎರಡು ದಿನ ಎಂದು ಕೇಳಿದಳು. ಮನೆ ಮುಟ್ಟಿದ ಕೂಡಲೇ ಪಾಳಿಯ ಪಟ್ಟಿಯನ್ನು ಹೆಂಡತಿ ಹರಿದಳು. ಮೂರೂ ಬಂದರುಗಳಲ್ಲಿ ಮೂವರೂ ಇಳಿಯುವುದು, ಓಡಿಕೊಂಡಾದರೂ ಮರಳುವುದು ಎಂದಾಯಿತು.

ಪ್ರವಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡೈರಾದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಅಂಗಡಿಗಳೂ ತೆರೆದಿದ್ದವು, ಜನ ಬೀದಿಯ ತುಂಬ ಓಡಾಡುತ್ತಿದ್ದರು. ಮಲಗಿದ್ದು ನಾವು ಮೂವರೇ, ಒಂದು ತೋಟದ ಬೆಂಚಿನ ಮೇಲೆ. ಹಡಗಿನಿಂದ ತಿನಿಸು ಇಳಿಸುವಂತಿಲ್ಲವೆಂದು ಚಟ್ನಿಪುಡಿಯ ಡಬ್ಬಿ ಕೋಣೆಯಲ್ಲೇ ಉಳಿಯಿತು. ಹೊರಡುವ ಒಂದು ತಾಸು ಮೊದಲು ಹಡಗಿಗೆ ಮರಳಿದವರು ಎರಡು ಸಾವಿರ ಜನರಲ್ಲಿ ನಾವೇ ಮೊದಲು, ಮೂರೂ ಬಂದರುಗಳಲ್ಲಿ.

ಲ್ಯಾಂಜರೋಟೆಯಲ್ಲಿ ಬಸ್ಸು ಕಪ್ಪು, ಕೆಂಪು ಗುಡ್ಡಗಳ ನಡುವೆ ಸುತ್ತಿ ಸುತ್ತಿ ಮೇಲೆ ಹೋಯಿತು. ಹುಲ್ಲುಕಡ್ಡಿಯೂ ಇಲ್ಲದ ನೆಲ. ಅಕ್ಕ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕೂತಿದ್ದಳು. ಮೇಲೆ ಇಳಿದಾಗ ಒಬ್ಬ ಮನುಷ್ಯ ನೆಲದಲ್ಲಿ ಹೂತ ಕೊಳವೆಗೆ ಬಕೆಟ್ ನೀರು ಸುರಿದ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗಡಗಡ ಎಂದು ಉಗಿ ಆಳೆತ್ತರಕ್ಕೂ ಮೇಲೆ ಚಿಮ್ಮಿತು. ಹೆಂಡತಿ ನನ್ನ ಹಿಂದೆ ಅಡಗಿದಳು. ಇನ್ನೊಂದು ತಗ್ಗಿನಲ್ಲಿ ಒಣ ಕಸಕಡ್ಡಿ ತುರುಕಿದರೆ ತಾನಾಗಿ ಬೆಂಕಿ ಹತ್ತಿತು. ಪಕ್ಕದಲ್ಲೇ ಹೋಟೆಲು, ಅಲ್ಲಿ ಭೂಮಿಯ ಬಿಸಿಯ ಮೇಲೆ ಜಾಲರಿ ಇಟ್ಟು ಕೋಳಿ ಸುಡುತ್ತಿದ್ದರು. ಅಕ್ಕ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿ, ಒಂದು ಬದನೆಕಾಯಿ ತಂದಿದ್ದರೆ ಭರ್ತ ಆಗುತ್ತಿತ್ತಲ್ಲ ಎಂದಳು. ಆಮೇಲೆ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ಕಾಲುಚೀಲ ತೆಗೆದು, ಆ ಕರಿ ಜಲ್ಲಿಯ ಮೇಲೆ ಬರಿಗಾಲಲ್ಲಿ ನಿಂತಳು. ಬಹಳ ಹೊತ್ತು ನಿಂತಳು. ಬಸ್ಸಿನವನು ಹಾರ್ನ್ ಹೊಡೆದ, ನಮ್ಮವರು ಬರುತ್ತಿದ್ದಾರೆ ಎಂದು ನಾನು ಕನ್ನಡದಲ್ಲೇ ಕೂಗಿದೆ. ಆ ಪುಣ್ಯಾತ್ಮ ನಿಂತ.

ಊರಿಗೆ ಬಂದ ಮರುವಾರ ಮೋತಿ ಡೊಂಗರಕ್ಕೆ ಹೋದೆವು. ಮೆಟ್ಟಿಲುಗಳನ್ನು ಅಕ್ಕ ಮೂರು ಕಡೆ ನಿಂತು ನಿಂತು ಹತ್ತಿದಳು. ಆ ಶಿಷ್ಯನ ಮನೆಯಲ್ಲಿ ಅವನು, ಅವನ ಹೆಂಡತಿ, ನೋಟ್‌ಬುಕ್ ತೆರೆದು ಕೂತ ಮಗಳು, ಬಾಗಿಲಲ್ಲಿ ಅಕ್ಕಪಕ್ಕದ ಏಳೆಂಟು ಜನ. ಮಗಳು ನಮಗೆ ಚಹಾ ಕೊಟ್ಟು, ಹೇಳ್ರಿ ಎಂದಳು. ಅಕ್ಕ ಹೇಳಿದಳು. ಯಾವ ಬಸ್ಸು ಹತ್ತಿದೆವು, ಎಲ್ಲಿ ಇಳಿದೆವು ಎಂಬುದರಿಂದ ಶುರು ಮಾಡಿದಳು. ಬೆಂಕಿ ಒಳಗಿದೆ, ಕಣ್ಣಿಗೆ ಕಾಣುವುದಿಲ್ಲ. ಲಾವಾರಸ ಆರಿ ಕಲ್ಲಾಗಿ ಎಷ್ಟೋ ಕಾಲವಾಗಿದೆ. ನೀರು ಹಾಕಿದರೆ ಉಗಿ ಬರುತ್ತದೆ. ಕಾಲಿಗೆ ಬಿಸಿ ತಾಗುತ್ತದೆ, ಒಲೆಯ ಪಕ್ಕದ ನೆಲದಷ್ಟು. ಅಷ್ಟೇ. ಒಂದಕ್ಷರ ಹೆಚ್ಚಿಗೆ ಸೇರಿಸಲಿಲ್ಲ. ಅವಳು ಸೇರಿಸಲಿ ಎಂದು ನನಗೇ ಆಸೆಯಾಗುತ್ತಿತ್ತು.

ಎಲ್ಲರೂ ಇನ್ನೂ ಏನೋ ಇದೆ ಎಂದು ಕಾದರು. ಬಾಗಿಲಲ್ಲಿದ್ದ ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಶಿಷ್ಯ ಕತ್ತು ತುರಿಸಿಕೊಂಡ. ಅವನಿಗೆ ಅಕ್ಕನ ಮನಸ್ಸು ನೋಯಿಸುವ ಇಷ್ಟವಿರಲಿಲ್ಲ, ಸುಳ್ಳು ಹೇಳುವ ಇಷ್ಟವೂ ಇರಲಿಲ್ಲ.

"ಸಿಟ್ಟ ಆಗಬ್ಯಾಡ್ರಿ ಬಾಯಾರ," ಎಂದ. "ಮೊದಲ ಹೇಳತಿದ್ರೆಲ್ಲ, ಅದ ಭಾಳ ಚಲೋ ಇತ್ರಿ."

ಅಕ್ಕ ನಕ್ಕಳು. ನಮ್ಮ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಹೊಟ್ಟೆ ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು ಬಸಿಯನ್ನು ಕೆಳಗಿಟ್ಟಳು.

"ಹೌದಪಾ, ಅದ ಚಲೋ ಇತ್ತು," ಎಂದಳು. "ಆದರ ಇದು ನಾ ನೋಡಿದ್ದು."